ಲಿನಕ್ಸ್ ಮಿಂಟ್ 22: ತಿಂಗಳು ಹೇಳ್ಯಾರ, ತಾರೀಖು ಹೇಳಿಲ್ಲ

ಕಲಬುರಗಿ ಸೂಪರ್ ಮಾರ್ಕೆಟ್ ಕಡೆ ನನ್ನದೊಂದು ಆನ್‌ಲೈನ್ ಸೆಂಟರ್ ಅದ. ಪಹಣಿ, ಸ್ಕಾಲರ್‌ಶಿಪ್ ಅರ್ಜಿ, ಜೆರಾಕ್ಸ್, ಇಷ್ಟೇ ವ್ಯಾಪಾರ. ಕಂಪ್ಯೂಟರ್ ಎಲ್ಲ ಆರನೇ ಜನರೇಷನ್ ಐ3. ವಿಂಡೋಸ್ 11 ಇವನ್ನ ಹತ್ತಿರ ಸೇರಿಸಂಗಿಲ್ಲ. ಅದಕ್ಕೇ ವಿಂಡೋಸ್ ಬದಲಿಗೆ ಲಿನಕ್ಸ್ ಮಿಂಟ್ ಅನ್ನೋ ಪುಕ್ಕಟೆ ಆಪರೇಟಿಂಗ್ ಸಿಸ್ಟಮ್ ಹಾಕಿದೆ.

ಓಡೋದು ಚಲೋ ಓಡ್ತದ, ಪ್ರಿಂಟರ್ ತಾನೇ ಹಿಡೀತು. ಹೆಬ್ಬೆಟ್ಟು ತಗೊಳ್ಳೋ ಬಯೋಮೆಟ್ರಿಕ್ ಮಷಿನ್ ಮಾತ್ರ ನಡೀಲಿಲ್ಲ, ಅದಕ್ಕ ಬೇರೆ ಕಂಪ್ಯೂಟರ್ ಇಟ್ಟೀನಿ. ಹಳೇ ನುಡಿ (ಕನ್ನಡ ಟೈಪ್ ಮಾಡೋ ಸಾಫ್ಟ್‌ವೇರ್) ಫೈಲ್ ತರೋರಿಗೂ ಅದೇ ಗತಿ.

ಆದ್ರ ನಾನು ಮೊದಲು ನೋಡಿದ್ದು ಅಪ್‌ಡೇಟ್ ಯಾವಾಗ ನಿಲ್ತದ ಅನ್ನೋದು. ಮಂದಿ ಆಧಾರ್, ಪಾಸ್‌ಬುಕ್ ದಿನವಿಡೀ ಸ್ಕ್ಯಾನ್ ಮಾಡೋ ಮಷಿನ್ರಿ ಇದು. ವಿಂಡೋಸ್ 10ಕ್ಕ ಮೈಕ್ರೋಸಾಫ್ಟ್‌ನವರು 2025ರ ಅಕ್ಟೋಬರ್ 14 ಅಂತ ತಾರೀಖು ಸಮೇತ ಹೇಳಿದ್ರು, ಅದನ್ನ ಮೆಚ್ಚಬೇಕು. ಅವತ್ತು ಮುಗಿಯೋದು ಪುಕ್ಕಟೆ ಸೆಕ್ಯೂರಿಟಿ ಅಪ್‌ಡೇಟ್ ಅಷ್ಟೇ ಅನ್ನೋದು ಮಂದಿಗೆ ತಿಳೀಲಿಲ್ಲ. ನೋಂದಣಿ ಮಾಡಿದೋರಿಗೆ 2026ರ ಅಕ್ಟೋಬರ್ 13ರ ತನಕ ಹೆಚ್ಚುವರಿ ಅಪ್‌ಡೇಟ್, ವಿಂಡೋಸ್‌ದೇ ಆಂಟಿವೈರಸ್ ಡಿಫೆಂಡರ್‌ಗೆ 2028ರ ಅಕ್ಟೋಬರ್ ತನಕ ಅಂದ್ರು. ಪಕ್ಕದ ಅಂಗಡಿ ಅಣ್ಣ ಬಂದು, "15ನೇ ತಾರೀಖಿಗೆ ಕಂಪ್ಯೂಟರ್ ಚಾಲೂನೇ ಆಗಲ್ಲಂತ, ಖರೇನೇನ್ರಿ?" ಅಂದ. ಚಾಲೂ ಆಯ್ತು, ಈಗಲೂ ಆಗ್ತದ. ಹಂಗಾಗೇ ಅವ ಇನ್ನೂ ಅದರ ಮ್ಯಾಲೇ ಬ್ಯಾಂಕ್ ಕೆಲಸ ಮಾಡ್ಲಿಕತ್ತಾನ.

ಮಿಂಟ್‌ನವರದು ಸರಳ: 22ಕ್ಕ ಅಪ್‌ಡೇಟ್ 2029ರ ಏಪ್ರಿಲ್ ತನಕ. ಅಷ್ಟೇ. ಒಂದನೇ ತಾರೀಖೋ ಮೂವತ್ತೋ? ಸುಮ್ಮನೆ ಕ್ಯಾತೆ ತೆಗೀಲಿಕತ್ತಿಲ್ಲ. ಮಿಂಟ್ ನಿಂತಿರೋದೇ ಉಬುಂಟು ಅನ್ನೋ ಇನ್ನೊಂದು ಲಿನಕ್ಸ್ ಮ್ಯಾಲ, ಆ ಉಬುಂಟು 20.04 ಏಪ್ರಿಲ್ 2025 ಅಂತಿದ್ದದ್ದು ಮುಗಿದದ್ದು ಮೇ 31ಕ್ಕ. ತಿಂಗಳು ಹೆಚ್ಚು ಸಿಕ್ಕಿತು, ಲಾಭವೇ ಬಿಡ್ರಿ. ಆದ್ರ ಏಪ್ರಿಲ್-ಮೇ ಅಂದ್ರ ನಮಗ ಸೀಸನ್: ಪಿಯುಸಿ ರಿಸಲ್ಟ್, ಸಿಇಟಿ, ಕಾಲೇಜು ಅರ್ಜಿ, ಸರ್ವರ್ ಡೌನ್, ಹೊರಗ ಉರಿ ಬಿಸಿಲಾಗ ಪಾಳಿ. ಅಂಥಾ ವಾರದಾಗ ಯಾವ ಮಷಿನ್ ಫಾರ್ಮ್ಯಾಟ್ ಮಾಡ್ಲಿ?

ಒಂದು ಸಮಾಧಾನ ಅಂದ್ರ, ಇದರ ಅಪ್‌ಡೇಟ್ ಮ್ಯಾನೇಜರ್ ಅವಧಿ ಮುಗಿಯೋಕ ಸುಮಾರು 90 ದಿನ ಮೊದಲೇ ಸೂಚನೆ ಕೊಡ್ತದ. ಅಂದ್ರ ಜನವರಿ ಸುಮಾರಿಗೆ. ಫೆಬ್ರವರಿಯಾಗ ಅಂಗಡಿ ಖಾಲಿ, ಆಗ ಮಾಡ್ಕೋಬಹುದು.

ಐದಕ್ಕ ನಾಲ್ಕು ಕೊಡ್ತೀನಿ. ಬಯೋಮೆಟ್ರಿಕ್ ಮಷಿನ್ ಮ್ಯಾಲೇ ಧಂದೆ ಇರೋರು ಮೊದಲು ಪೆನ್‌ಡ್ರೈವ್‌ನಿಂದ ಲೈವ್ (ಇನ್‌ಸ್ಟಾಲ್ ಮಾಡದೇನೇ) ನಡೆಸಿ ನೋಡ್ರಿ, ವಿಂಡೋಸ್ ಆಮ್ಯಾಲ ಅಳಿಸ್ರಿ.