ಶಿರಸಿಯ ಆನ್‌ಲೈನ್ ಅರ್ಜಿ ಅಂಗಡಿ: ಕೆಲಸ ಚೊಕ್ಕ, ದರ ಅಂದಾಜು

ಐದಕ್ಕೆ ನಾಲ್ಕು ಸ್ಟಾರ್.

ಮಗಳಿಗೆ 18 ತುಂಬಿತು, ಮತದಾರರ ಪಟ್ಟಿಗೆ ಸೇರಿಸಲು ಫಾರಂ 6 ಹಾಕಿಸಿದೆವು. ನಮ್ಮ ‘ಹೆಗಡೆ’ ಇಂಗ್ಲಿಷಿನಲ್ಲಿ ಒಂದೊಂದು ದಾಖಲೆಯಲ್ಲಿ ಒಂದೊಂದು ಥರ ಇದೆ. ಅಂಗಡಿಯ ಹುಡುಗ ಸ್ಕ್ರೀನ್ ನಮ್ಮ ಕಡೆ ತಿರುಗಿಸಿ, “ತಂಗಿ, ನೀನೇ ಒಂದ್ಸಲ ಓದು” ಅಂದ. ಆಮೇಲೇ ಸಬ್‌ಮಿಟ್ ಒತ್ತಿದ್ದು.

ಪಕ್ಕದಲ್ಲಿ ಮುಂಡಗೋಡ ಕ್ಯಾಂಪಿನ ಟಿಬೆಟನ್ ಅಣ್ಣ-ತಂಗಿ ಪಾಸ್‌ಪೋರ್ಟ್ ವಿಚಾರಿಸುತ್ತಿದ್ದರು. ಆಧಾರ್ ಇಬ್ಬರ ಹತ್ತಿರವೂ ಇದೆ. ಆದರೆ ಆಧಾರ್ ಪೌರತ್ವಕ್ಕೆ ಪುರಾವೆ ಅಲ್ಲ, ಅದು ಇಲ್ಲಿ ವಾಸ ಇರುವವರಿಗೆ ಕೊಡುವ ನಂಬರ್. ಹುಡುಗ ಇದನ್ನು ಸಮಾಧಾನದಿಂದ ಬಿಡಿಸಿ ಹೇಳಿದ. ಅಣ್ಣ ಹುಟ್ಟಿದ್ದು 1986ರಲ್ಲಿ. 1950ರ ಜನವರಿ 26ರಿಂದ 1987ರ ಜೂನ್ ಕೊನೆಯವರೆಗೆ ಇಲ್ಲಿ ಹುಟ್ಟಿದ್ದರೆ, ಅಪ್ಪ-ಅಮ್ಮ ಹೊರದೇಶದವರಾದರೂ ಹುಟ್ಟಿನಿಂದಲೇ ಭಾರತದ ಪ್ರಜೆ. ತಂಗಿ 1988ರವಳು. ಆಗ ಅಪ್ಪ-ಅಮ್ಮರಲ್ಲಿ ಒಬ್ಬರಾದರೂ ಪ್ರಜೆ ಆಗಿರಬೇಕಿತ್ತು. ಇಬ್ಬರೂ ಅಲ್ಲ. ಹಾಗಾಗಿ ಅಣ್ಣ ಓಟು ಹಾಕಬಹುದು, ಒಂದೇ ಮನೆಯಲ್ಲಿ ಬೆಳೆದ ತಂಗಿ ಹಾಕುವಂತಿಲ್ಲ! ಇಲ್ಲೇ ಹುಟ್ಟಿ, ಇಲ್ಲೇ ದುಡಿದು, ನಮಗಿಂತ ಚೆನ್ನಾಗಿ ಕನ್ನಡ ಮಾತಾಡುತ್ತಾಳೆ. ಅವಳಿಗೆ ಹಕ್ಕು ಇರಬೇಕು ಅಂತಲೇ ನನ್ನ ಅಭಿಪ್ರಾಯ. ಕಾನೂನಿಗೆ ತಾರೀಖು ಬೇಕು ನಿಜ, ಆದರೂ ಇದು ಅತಿಯಾಯ್ತು ಅಲ್ವಾ?

“ವಕೀಲರನ್ನು ಕೇಳಿ” ಅಂದ ಹುಡುಗ ಅವರಿಂದ ಒಂದು ರೂಪಾಯಿಯೂ ತಗೊಳ್ಳಲಿಲ್ಲ. ಬೇರೆ ಕಡೆ ಆಗಿದ್ದರೆ ಸುಮ್ನೆ ಅರ್ಜಿ ಹಾಕಿಸಿ ದುಡ್ಡು ಕೀಳುತ್ತಿದ್ದರು.

ಒಂದು ಸ್ಟಾರ್ ಕಡಿಮೆ ಯಾಕೆಂದರೆ, ದರದ ಬೋರ್ಡೇ ಇಲ್ಲ. ಫಾರಂ 6ಕ್ಕೆ ಸರ್ಕಾರದ ಫೀಸ್ ಇಲ್ಲ, ನಿಮ್ಮ ಕೂಲಿ ಎಷ್ಟು ಅಂತ ಬರೆದು ಹಾಕಿ ಮಾರಾಯ್ರೆ.