ಪರಲೋಕವೂ ಸ್ವರ್ಗವೂ ಒಂದೇ ಪುಟದಲ್ಲಿ: ಹಂಪನಕಟ್ಟೆಯ ಒಂದು ಮುದ್ರಣ ಸೇವೆ

ಪ್ರತಿ ವರ್ಷ ಜನವರಿ 18ರಿಂದ 25ರವರೆಗೆ ನಡೆಯುವ ಕ್ರೈಸ್ತ ಐಕ್ಯತೆಯ ಪ್ರಾರ್ಥನಾ ವಾರದಲ್ಲಿ ನಮ್ಮ ಬಡಾವಣೆಯ ಕೆಥೋಲಿಕ, ಸಿ.ಎಸ್.ಐ. (ದಕ್ಷಿಣ ಭಾರತ ಸಭೆ) ಮತ್ತು ಆರ್ಥೊಡಾಕ್ಸ್ ಸಿರಿಯನ್ ಕುಟುಂಬಗಳು ಒಂದು ಸಂಜೆ ಒಟ್ಟಾಗಿ ಪ್ರಾರ್ಥಿಸುತ್ತವೆ. 2025ರಲ್ಲಿ ಅದಕ್ಕೆ ಬೇಕಾದ 24 ಪುಟಗಳ ಪುಸ್ತಿಕೆಯ 300 ಪ್ರತಿಗಳನ್ನು ಮಂಗಳೂರಿನ ಹಂಪನಕಟ್ಟೆಯ ಗಲ್ಲಿಯೊಂದರ ಸಣ್ಣ ಮುದ್ರಣಾಲಯದಲ್ಲಿ ಮಾಡಿಸಿದೆವು. ಕನ್ನಡ, ತುಳು, ಕನ್ನಡ ಲಿಪಿಯ ಕೊಂಕಣಿ ಮತ್ತು ಮಲಯಾಳಂ ನಾಲ್ಕೂ ಅದರಲ್ಲಿ ಇರಬೇಕಿತ್ತು.

ಯೇಸು ಕಲಿಸಿದ ಕರ್ತನ ಪ್ರಾರ್ಥನೆಯಲ್ಲಿಯೇ ನಮ್ಮ ತೊಡಕು ಆರಂಭವಾಯಿತು. ಸಿ.ಎಸ್.ಐ. ಸಭೆಯವರು ‘ಪರಲೋಕದಲ್ಲಿರುವ ನಮ್ಮ ತಂದೆಯೇ’ ಎನ್ನುತ್ತಾರೆ, ಕೆಥೋಲಿಕರು ‘ಸ್ವರ್ಗದಲ್ಲಿರುವ ನಮ್ಮ ತಂದೆಯೇ’ ಎನ್ನುತ್ತಾರೆ. ಯಾವುದನ್ನು ಅಚ್ಚು ಹಾಕಿಸುವುದೆಂದು ನಾವು ಎರಡು ಸಂಜೆ ಚರ್ಚಿಸಿ, ತೀರ್ಮಾನವಿಲ್ಲದೆಯೇ ಹಸ್ತಪ್ರತಿಯನ್ನು ಒಯ್ದಿದ್ದೆವು. ಅಕ್ಷರ ಜೋಡಣೆಗೆ ಕುಳಿತಿದ್ದ ಹೆಣ್ಣುಮಗಳು ಅದನ್ನು ಓದಿ, “ಎರಡನ್ನೂ ಅಕ್ಕಪಕ್ಕ ಹಾಕಿದರೆ ಆಗುವುದಿಲ್ಲವಾ ಸರ್? ಅವರವರಿಗೆ ಬಾಯಿಪಾಠ ಇರುವುದನ್ನು ಅವರವರು ಹೇಳಲಿ” ಎಂದರು. ಒಂಬತ್ತನೆಯ ಪುಟ ಹಾಗೆಯೇ ಬಂದಿದೆ. ಎರಡೂ ಪಾಠಗಳ ಸಾಲುಗಳು ಒಂದಕ್ಕೊಂದು ಎದುರಾಗಿ ನಿಲ್ಲುವಂತೆ ಅವರು ವಹಿಸಿದ ಶ್ರಮವನ್ನು ಕಂಡಾಗ ನನಗೆ 1947ರ ಸೆಪ್ಟೆಂಬರ್ 27 ನೆನಪಾಯಿತು. ಅಂದು ಆಂಗ್ಲಿಕನ್, ಮೆಥೊಡಿಸ್ಟ್, ಪ್ರೆಸ್ಬಿಟೇರಿಯನ್ ಮತ್ತು ಕಾಂಗ್ರಿಗೇಷನಲ್ ಪರಂಪರೆಗಳು ಕೂಡಿ ದಕ್ಷಿಣ ಭಾರತ ಸಭೆಯಾದಾಗಲೂ, ಅವುಗಳು ತಮಗೆ ರೂಢಿಯಾಗಿದ್ದ ಆರಾಧನಾ ಕ್ರಮಗಳನ್ನು ಬಿಡಬೇಕೆಂಬ ಒತ್ತಾಯವಿರಲಿಲ್ಲ.

325ರಲ್ಲಿ ಬಿಷಪರು ಕೂಡಿದ ನಿಕೇಯದ ಮಹಾಸಭೆ ನಡೆದು 1700 ವರ್ಷ ತುಂಬಿದ ವರ್ಷವಾದ್ದರಿಂದ, ಕ್ರೈಸ್ತ ನಂಬಿಕೆಯ ಸಾರವನ್ನು ಹೇಳುವ ನಿಕೇಯದ ವಿಶ್ವಾಸ ಪ್ರಮಾಣವನ್ನು ಸೇರಿಸಲೇಬೇಕಿತ್ತು. ಪವಿತ್ರಾತ್ಮನು ತಂದೆಯಿಂದ ಹೊರಡುವನೆಂಬ ಮಾತಿಗೆ ಪಶ್ಚಿಮದ ಸಭೆ (ಕೆಥೋಲಿಕ ಮತ್ತು ಸಿ.ಎಸ್.ಐ. ಎರಡೂ ಬಂದ ಪರಂಪರೆ) ‘ಮಗನಿಂದಲೂ’ ಎಂದು ಮುಂದೆ ಸೇರಿಸಿಕೊಂಡಿತು. ಆರ್ಥೊಡಾಕ್ಸರು ಅದನ್ನು ಹೇಳುವುದಿಲ್ಲ. ಇಲ್ಲಿ ಎರಡು ಕಾಲಮು ಸಲ್ಲದೆಂದು ನಮಗೆ ಅನ್ನಿಸಿತು, ಏಕೆಂದರೆ ಒಂದೇ ಧ್ವನಿಯಲ್ಲಿ ಹೇಳಬೇಕಾದ ಭಾಗ ಅದು. ಹೀಗಾಗಿ 381ರ ಕಾನ್‌ಸ್ಟಾಂಟಿನೋಪಲ್ ಮಹಾಸಭೆಯದೆನ್ನುವ, ಆ ಮಾತು ಸೇರುವ ಮೊದಲಿನ ಮೂಲ ಪಾಠವನ್ನೇ ಇಟ್ಟೆವು. ಕೊನೆಯ ಪ್ರೂಫಿನ ನಂತರ ಬಂದ ಈ ತಿದ್ದುಪಡಿಗೆ ಮುದ್ರಣಾಲಯದವರು ಹೆಚ್ಚಿನ ಹಣ ಕೇಳಲಿಲ್ಲ.

ದೋಷಗಳನ್ನೂ ಹೇಳಬೇಕು. ಕೊಂಕಣಿ ಕೀರ್ತನೆಗಳ ಮೇಲೆ ಅವರು ತಾವಾಗಿಯೇ ‘ಕೆಥೋಲಿಕ ಗೀತೆಗಳು’ ಎಂಬ ತಲೆಬರಹ ಹಾಕಿದ್ದರು. ಬ್ರಹ್ಮಾವರದಲ್ಲಿ ಕೊಂಕಣಿ ಮಾತನಾಡುವ ಆರ್ಥೊಡಾಕ್ಸ್ ಸಿರಿಯನ್ನರು ಹತ್ತೊಂಬತ್ತನೆಯ ಶತಮಾನದ ಕೊನೆಯಿಂದಲೂ ಇದ್ದಾರೆ. ಆ ಊರಿನಿಂದ ಬಂದು ನಮ್ಮಲ್ಲಿ ನೆಲೆಸಿದ ಕುಟುಂಬವೊಂದು ಪ್ರೂಫ್ ನೋಡಿ ಮೌನವಾದಾಗ ನನಗೆ ನಿಜವಾಗಿ ನೋವಾಯಿತು. ತಿಳಿಸಿದ ಕೂಡಲೇ ಅದನ್ನು ತೆಗೆದರು, ನಿಜ. ಆದರೆ ಭಾಷೆಯನ್ನು ನೋಡಿ ಸಭೆಯನ್ನು ಊಹಿಸುವ ಈ ಅಭ್ಯಾಸ ನಮ್ಮ ಜಿಲ್ಲೆಯಲ್ಲಿ ಬಹಳ ಆಳವಾಗಿದೆ. ಮಲಯಾಳಂ ಪುಟದಲ್ಲಿ ಕೆಲವು ಸಂಯುಕ್ತಾಕ್ಷರಗಳು ಒಡೆದು ಬಂದವು, ಮತ್ತು ಗುರುವಾರ ಕೊಡುತ್ತೇವೆಂದವರು ಶನಿವಾರ ಸಂಜೆ ಕೊಟ್ಟರು.

ಕಾಗದ ಒಳ್ಳೆಯ ಮ್ಯಾಪ್ಲಿತೊ, ಹಿರಿಯರು ಕನ್ನಡಕವಿಲ್ಲದೆ ಓದುವಷ್ಟು ದೊಡ್ಡ ಅಕ್ಷರ. ಪ್ರತಿಯೊಂದಕ್ಕೆ 30 ರೂಪಾಯಿ ಬಿದ್ದಿತು. 1841ರಲ್ಲಿ ಬಾಸೆಲ್ ಮಿಷನ್ ಮುದ್ರಣಾಲಯವನ್ನು ತೆರೆದ ಊರಿನಲ್ಲಿ, ಕನ್ನಡ ಲಿಪಿಯ ಕೊಂಕಣಿಯನ್ನೂ ತುಳುವನ್ನೂ ತಪ್ಪಿಲ್ಲದೆ ಜೋಡಿಸಬಲ್ಲ ಕೈಗಳು ಇಂದಿಗೂ ಸಿಗುತ್ತಿರುವುದು ನನಗೆ ಬೆಲೆಗಿಂತ ದೊಡ್ಡ ವಿಷಯ.

ಮುಂದಿನ ಪುಸ್ತಿಕೆಯನ್ನೂ ಅಲ್ಲಿಯೇ ಕೊಡುತ್ತೇನೆ. ಇಂಥ ಕೆಲಸ ಮಾಡಿಸುವವರು ಮಲಯಾಳಂ ಪುಟಗಳನ್ನು ಮೊದಲೇ ಪಿಡಿಎಫ್ ಮಾಡಿ ಒಯ್ಯಲಿ, ಮತ್ತು ಪ್ರೂಫನ್ನು ಪ್ರತಿ ಸಭೆಯಿಂದಲೂ ಒಬ್ಬರಾದರೂ ಓದಲಿ.