ಹಾಯಿಕಂಬದ ಹಳಿಗೆ ಗ್ರೀಸ್ ಹಚ್ಚಲು ಬಿಡಬೇಡಿ

ಹಾಯಿದೋಣಿ ಇಟ್ಟುಕೊಂಡವರು ದಯವಿಟ್ಟು ಇದನ್ನು ಓದಿ. ಮುಖ್ಯ ಹಾಯಿ ಏರಿಸುವಾಗ ಬಿಗಿ ಹಿಡಿಯುತ್ತಿದೆ ಎಂದು ನಮ್ಮ ದೋಣಿಯನ್ನು ದುರಸ್ತಿಗೆ ಕೊಟ್ಟಿದ್ದೆವು. ಅಲ್ಲಿಯವರು, ಹಾಯಿಯ ಅಂಚು ಜಾರುತ್ತಾ ಏರಿಳಿಯುವ ಕಂಬದ ಹಳಿಯ ಉದ್ದಕ್ಕೂ ಗ್ರೀಸ್ ಮೆತ್ತಿ ಕಳಿಸಿದರು. ಆರಂಭದಲ್ಲಿ ಹಾಯಿ ಸಲೀಸಾಗಿಯೇ ಏರಿತು. ಬರಬರುತ್ತಾ ಉಪ್ಪು, ಧೂಳು ಎಲ್ಲವೂ ಆ ಜಿಡ್ಡಿಗೆ ಅಂಟಿಕೊಂಡವು.

ಒಂದು ಮಧ್ಯಾಹ್ನ ಗಾಳಿ ಇದ್ದಕ್ಕಿದ್ದಂತೆ ಜೋರಾಯಿತು. ಹಾಯಿ ಇಳಿಸೋಣವೆಂದು ಹಗ್ಗ ಬಿಟ್ಟರೆ ಅರ್ಧಕ್ಕೇ ಸಿಕ್ಕಿಕೊಂಡಿತು. ದೋಣಿ ವಾಲುತ್ತಿದೆ, ನನ್ನ ತಮ್ಮ ಕಂಬದ ಬುಡದಲ್ಲಿ ನಿಂತು ಹಾಯಿಯ ಅಂಚನ್ನು ಎರಡೂ ಕೈಗಳಿಂದ ಜಗ್ಗುತ್ತಿದ್ದಾನೆ. ಕಾಲು ಜಾರಿದ್ದರೆ ನೇರ ನೀರಿಗೆ. ಏರಲು ತಿಣುಕುವ ಹಾಯಿ ಇಳಿಯಲೂ ತಿಣುಕುತ್ತದೆ ಎಂಬುದು ಬಹಳ ಜನರಿಗೆ ಹೊಳೆಯುವುದೇ ಇಲ್ಲ. ನನಗೆ ಇಂದಿಗೂ ಸಿಟ್ಟು ಬರುವುದು ಅದಕ್ಕೇ.

ದಡಕ್ಕೆ ಬಂದು ಹಳಿಯೊಳಗೆ ಬಟ್ಟೆ ಹಾಯಿಸಿದಾಗ ಕಪ್ಪು ಮೆತ್ತೆ ಬಂತು. ಬೆರಳಲ್ಲಿ ತಿಕ್ಕಿದರೆ ಮರಳು ಕಾಗದದಂತೆ ತರಿತರಿ. ಹಾಯಿಯನ್ನು ಹಳಿಗೆ ಸೇರಿಸುವ ಪ್ಲಾಸ್ಟಿಕ್ ಸ್ಲೈಡ್‌ಗಳ ಅಂಚು ಸವೆದಿತ್ತು.

ಹಾಯಿ ಬಿಗಿ ಎನಿಸಿದರೆ ಮೊದಲು ದೋಣಿಯ ಮೂತಿ ಗಾಳಿಗೆ ಎದುರಾಗಿದೆಯೇ, ಹಾಯಿಯನ್ನು ಕೆಳಕ್ಕೆ ಹಿಡಿದಿಡುವ ಹಗ್ಗಗಳೆಲ್ಲ ಸಡಿಲವಾಗಿವೆಯೇ ನೋಡಿ. ಆಮೇಲೂ ಬಿಗಿಯೇ ಇದ್ದರೆ, ಏರಿಸುವ ಹಗ್ಗವನ್ನು ಹಾಯಿಯಿಂದ ಬಿಚ್ಚಿ. ಆ ತುದಿಯನ್ನು ಒಬ್ಬರು ಹಗುರವಾಗಿ ಹಿಡಿದಿರಲಿ, ಇನ್ನೊಬ್ಬರು ಈಚೆಯ ತುದಿಯಿಂದ ಎಳೆಯಲಿ. ಆಗಲೂ ಭಾರವೆನಿಸಿದರೆ ದೋಷ ರಾಟೆಗಳಲ್ಲಿದೆ: ಕಂಬದ ತುದಿಯದು ಸವೆದಿರಬಹುದು, ಹಗ್ಗ ರಾಟೆಯಿಂದ ಜಾರಿ ಪಕ್ಕದ ಸಂದಿಗೆ ಸಿಕ್ಕಿರಬಹುದು. ಹಗುರವಾಗಿ ಬಂದರೆ ಹಳಿಯನ್ನೋ ಸ್ಲೈಡ್‌ಗಳನ್ನೋ ಅನುಮಾನಿಸಿ. ಹಳಿಗೆ ಬೇಕಾಗುವುದು ಸಿಹಿನೀರಿನ ಸ್ನಾನ. ಒಣಗಿದ ಮೇಲೆ ಜಿಡ್ಡು ಉಳಿಸದ ಒಣ ಸಿಲಿಕೋನ್ ಅಥವಾ ಟೆಫ್ಲಾನ್ ಸ್ಪ್ರೇ. ಅದು ಡೆಕ್ಕಿನ ಮೇಲೆ ಬಿದ್ದರೆ ಕಾಲು ನಿಲ್ಲುವುದಿಲ್ಲ, ಒರೆಸಿಬಿಡಿ.

ಹಗ್ಗ ಸುತ್ತಿ ಎಳೆಯುವ ವಿಂಚ್ ಇದೆಯೆಂದು ಹಟಕ್ಕೆ ಬಿದ್ದು ತಿರುಗಿಸಬೇಡಿ. ಎಲ್ಲಿ ಸಿಕ್ಕಿಕೊಂಡಿದೆ ಎಂಬುದು ಕೈಗೆ ತಿಳಿಯುವ ಮೊದಲೇ ಅದು ಹಾಯಿಯ ನೆತ್ತಿಯನ್ನು ಹರಿದಿರುತ್ತದೆ. ರಾಟೆ ನೋಡಲು ಕಂಬ ಏರಲೇಬೇಕಾದರೆ ಅನುಮಾನವಿರುವ ಅದೇ ಹಗ್ಗಕ್ಕೆ ಜೋತುಬೀಳಬೇಡಿ. ಬೇರೆ ಗಟ್ಟಿ ಹಗ್ಗ ಕಟ್ಟಿಕೊಳ್ಳಿ, ಜೊತೆಗೆ ರಕ್ಷಣೆಗೆಂದೇ ಇನ್ನೊಂದು ಇರಲಿ, ಕೆಳಗೆ ಅದನ್ನು ಹಿಡಿಯಲು ತಿಳಿದವರೊಬ್ಬರು ನಿಂತಿರಲಿ.